ಪರಿಮಿತ ಪರಿಗ್ರಹ

ಮನೆಯಲ್ಲಿ ಸಾಮಾನು ಕಡಿಮೆಯಿರಬೇಕೆಂಬ ‘ಮಿನಿಮಲಿಸಂ’ ಇಂದು ನಗರಗಳಲ್ಲಿ ಜನಪ್ರಿಯವಾಗುತ್ತಿದೆ. ಬಿಳಿಗೋಡೆ, ಒಂದೆರಡು ಕುರ್ಚಿ, ತೆರವಾದ ಕಪಾಟು ಕಣ್ಣಿಗೆ ಹಿತವೇ. ಆದರೆ ಅದಕ್ಕಾಗಿ ಗಟ್ಟಿಮುಟ್ಟಾದ ಹಳೆಯ ಮಂಚ, ಬೀರುಗಳನ್ನು ಗುಜರಿಗೆ ಹಾಕಿ ದುಬಾರಿ ಪೀಠೋಪಕರಣ ಕೊಂಡರೆ, ಬಿಟ್ಟದ್ದು ವಸ್ತುವನ್ನೇ ಹೊರತು ಆಸೆಯನ್ನಲ್ಲ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ‘ನನ್ನದು’ ಎಂಬ ಮಮಕಾರವೆಂದು ನಿರೂಪಿಸಿದ್ದಾರೆ. ಹೊಲ, ಮನೆ, ಹೊನ್ನು, ಧಾನ್ಯ ಮೊದಲಾದ ಬಾಹ್ಯ ಪರಿಗ್ರಹಗಳು 10. ಕ್ರೋಧ, ಮಾನ, ಮಾಯೆ, ಲೋಭ ಮೊದಲಾದ ಅಂತರಂಗದ ಪರಿಗ್ರಹಗಳು 14. ಬರಿದಾದ ಕೋಣೆಯನ್ನು ಅತಿಥಿಗಳಿಗೆ ತೋರಿಸಿ ಬೀಗುವವರಲ್ಲಿ ಮಾನಕಷಾಯ ಹಾಗೆಯೇ ಉಳಿದಿರುತ್ತದೆ.

ಪಿಂಛಿ, ಕಮಂಡಲು, ಶಾಸ್ತ್ರಗಳನ್ನಷ್ಟೇ ಇರಿಸಿಕೊಳ್ಳುವ ದಿಗಂಬರ ಮುನಿಯ ಮಾರ್ಗವನ್ನು ಗೃಹಸ್ಥರಿಗೆ ವಿಧಿಸಿಲ್ಲ. ಶ್ರಾವಕರಿಗೆ ಹೇಳಿರುವುದು ಪರಿಗ್ರಹ ಪರಿಮಾಣವೆಂಬ ಅಣುವ್ರತ. ಇಷ್ಟು ಬಟ್ಟೆ, ಇಷ್ಟು ಪಾತ್ರೆ, ಇಷ್ಟು ಹಣ ಸಾಕೆಂದು ಮೊದಲೇ ಮಿತಿ ಹಾಕಿಕೊಂಡು, ಮಿಕ್ಕದ್ದನ್ನು ಅಗತ್ಯವುಳ್ಳವರಿಗೆ ದಾನ ಮಾಡುವುದು ಶ್ರಾವಕಧರ್ಮ. ಕೊಂಡದ್ದನ್ನು ಆಮೇಲೆ ಹೊರಹಾಕುವುದಕ್ಕಿಂತ ಕೊಳ್ಳುವ ಮುನ್ನವೇ ಕೈ ತಡೆಯುವುದು ಈ ವ್ರತದ ಹಿರಿಮೆ. ಆದ್ದರಿಂದ ಮನೆಯನ್ನು ಅಣಿಗೊಳಿಸಹೊರಟವರು ಕಪಾಟಿನ ಬಾಗಿಲು ತೆರೆಯುವ ಮೊದಲು ‘ಎಷ್ಟಾದರೆ ಸಾಕು?’ ಎಂದು ತಮ್ಮನ್ನೇ ಕೇಳಿಕೊಳ್ಳುವುದು ಒಳಿತು.