ಆಟದ ಯಂತ್ರ, ಮನೆಯ ರೂಟರು ಮತ್ತು ನಮ್ಮ ಅವಸರ



ಶಾಲೆಯ ವಾರ್ಷಿಕ ಸಂಚಿಕೆಗೆ ಅಧ್ಯಾಪಕನಾದವನು ಶಿಸ್ತನ್ನು ಕುರಿತೋ ಸಮಯಪಾಲನೆಯನ್ನು ಕುರಿತೋ ಬರೆಯುವುದು ವಾಡಿಕೆ. ಈ ಸಲ ನಾನು ಪ್ಲೇಸ್ಟೇಷನ್ ಎಂಬ ಆಟದ ಯಂತ್ರವನ್ನು ಕುರಿತು ಬರೆಯಹೊರಟಿರುವೆನೆಂದು ತಿಳಿದು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಒಬ್ಬಿಬ್ಬರು ಹುಬ್ಬೇರಿಸಿದ್ದಾರೆ. "ಓದುವ ಹುಡುಗರಿಗೆ ಆಟದ ಯಂತ್ರವನ್ನು ಸರಿಪಡಿಸುವ ವಿದ್ಯೆಯನ್ನು ನೀವೇ ಹೇಳಿಕೊಡುವುದೇ?" ಎಂಬುದು ಅವರ ಆಕ್ಷೇಪ. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಯಂತ್ರವು ಮನೆಗೆ ಬಂದಾಗಿದೆ. ಅದು ಮುನಿಸಿಕೊಂಡು ನಿಂತಾಗ ಆಗುವ ಅನಾಹುತವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಳೆದ ವರ್ಷ ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಅವನ ಸೋದರಮಾವ ತಾನು ಆಡಿ ಬಿಟ್ಟ ಹಳೆಯ ಪ್ಲೇಸ್ಟೇಷನ್ 4 ಯಂತ್ರವನ್ನು ಕೊಟ್ಟಿದ್ದರು. ಕೆಲವು ದಿನ ಎಲ್ಲವೂ ಸುಗಮವಾಗಿತ್ತು. ಮನೆಗೆ ಹೊಸ ರೂಟರು ಬಂದ ದಿನದಿಂದ ಯಂತ್ರಕ್ಕೆ ಅಂತರ್ಜಾಲ ಸಿಗದಾಯಿತು. ಹುಡುಗನು ಗೆಳೆಯನೊಬ್ಬನ ಮಾತು ಕೇಳಿ, ರೂಟರಿನ ಹಿಂಬದಿಯ ಸಣ್ಣ ರಂಧ್ರಕ್ಕೆ ತಾಯಿಯ ಪಿನ್ನನ್ನು ತೂರಿಸಿ ಹತ್ತು ಸೆಕೆಂಡು ಒತ್ತಿ ಹಿಡಿದನು. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಅಷ್ಟರಲ್ಲಿ ಇಡೀ ಮನೆಯ ಸಂಪರ್ಕವೇ ಹೋಗಿತ್ತು. ಅಂದು ಶನಿವಾರ. ಅವನ ಅಕ್ಕ ಒಂದು ಪ್ರವೇಶ ಪರೀಕ್ಷೆಗೆ ಅರ್ಜಿ ಸಲ್ಲಿಸಲು ಅದೇ ಕೊನೆಯ ದಿನ. ಮೊಬೈಲಿನ ಸಂಪರ್ಕದಿಂದ ಪ್ರಯತ್ನಿಸೋಣವೆಂದರೆ ಅವರದು ಚಾಳಿನ ಒಳಮನೆ. ಗೋಡೆಗಳ ನಡುವೆ ಸಂಕೇತ ನಿಲ್ಲದು. ಭಾವಚಿತ್ರವೂ ಸಹಿಯೂ ಅರ್ಧಕ್ಕೆ ಏರಿ ಅರ್ಧಕ್ಕೇ ನಿಂತವು. ನಡುರಾತ್ರಿ ಹನ್ನೆರಡು ಹೊಡೆಯಿತು. ಆ ಹುಡುಗಿಯ ಒಂದು ವರ್ಷ ಹೋಯಿತು.

ಸೋಮವಾರ ಸಂಪರ್ಕ ಕಂಪನಿಯ ಕೆಲಸಗಾರನು ಬಂದು, ಅಳಿಸಿಹೋಗಿದ್ದ ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ರೂಟರಿಗೆ ಮತ್ತೆ ಬರೆದು, ಉಳಿದುದನ್ನೆಲ್ಲ ಮೊದಲಿನಂತೆಯೇ ಕೂರಿಸಿ ಹೋದನು. ಮನೆಗೆ ಅಂತರ್ಜಾಲ ಬಂತು. ಆಟದ ಯಂತ್ರಕ್ಕೆ ಮಾತ್ರ ಇನ್ನೂ ಇಲ್ಲ!

ಈ ರಂಧ್ರದ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ರೂಟರನ್ನು ಆರಿಸಿ ಒಂದೆರಡು ನಿಮಿಷ ಬಿಟ್ಟು ಹತ್ತಿಸುವುದು ಬೇರೆ; ರಂಧ್ರದೊಳಗಿನ ಗುಂಡಿಯನ್ನು ಒತ್ತುವುದು ಬೇರೆ. ಮೊದಲನೆಯದು ದಣಿದವನನ್ನು ಒಂದು ಗಳಿಗೆ ಮಲಗಿಸಿ ಎಬ್ಬಿಸಿದಂತೆ, ಅದರಿಂದ ಕೇಡಿಲ್ಲ. ಎರಡನೆಯದು ಅವನ ನೆನಪನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಹೊರಬಿದ್ದ ದಿನಕ್ಕೆ ಒಯ್ದು ನಿಲ್ಲಿಸಿದಂತೆ. ದೋಷವು ಎಲ್ಲಿದೆಯೆಂದು ತಿಳಿಯುವ ಮೊದಲು ಪಿನ್ನನ್ನು ಕೈಗೆತ್ತಿಕೊಳ್ಳಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಹುಡುಗನನ್ನು ಗದರಿಸಲು ಮಾತ್ರ ನನಗೆ ಮನಸ್ಸಾಗಲಿಲ್ಲ. ರೇಡಿಯೋ ಹಾಡದಿದ್ದರೆ ತಲೆಯ ಮೇಲೊಂದು ಬಡಿಯುವ ಪದ್ಧತಿಯನ್ನು ಅವನಿಗಿಂತ ಮೊದಲು ಬಳಕೆಗೆ ತಂದವರು ಹಿರಿಯರಾದ ನಾವೇ ಅಲ್ಲವೇ?

ಅವನು ಅಳುಮೋರೆ ಮಾಡಿಕೊಂಡು ನನ್ನಲ್ಲಿಗೆ ಬಂದನು. ನಾನಾದರೋ ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಮುಂಬಯಿಗೆ ಬಂದ ಮೇಲೆಯೇ ರೂಟರೆಂಬ ಪೆಟ್ಟಿಗೆಯನ್ನು ಮೊದಲು ಮುಟ್ಟಿದವನು. "ಸರ್, ನೆಟ್ ಬರುವುದಿಲ್ಲ" ಎಂದನು. ಯಾವುದಕ್ಕೆ ಬರುವುದಿಲ್ಲ, ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಅವನ ಮನೆಗೆ ಹೋದೆ.

ಮೊದಲು ಅವನ ತಂದೆಯವರ ಮೊಬೈಲಿನಲ್ಲಿ ಸಿಮ್ಮಿನ ಡೇಟಾವನ್ನು ಆರಿಸಿ, ಮನೆಯ ವೈಫೈ ಒಂದನ್ನೇ ಉಳಿಸಿ ನೋಡಿದೆವು. ಅದು ಚೆನ್ನಾಗಿಯೇ ನಡೆಯಿತು. ಅದು ನಡೆಯದೆ, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯಲ್ಲಿ ಎಲ್.ಓ.ಎಸ್. ಎಂಬ ದೀಪವು ಕೆಂಪಾಗಿ ಮಿನುಗಿದ್ದರೆ, ಗಾಜಿನ ಎಳೆಯಲ್ಲಿ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆಗ ಮನೆಯವರು ಕಂಪನಿಗೆ ದೂರು ಕೊಡಬೇಕಲ್ಲದೆ ಬೇರೆ ಉಪಾಯವಿಲ್ಲ. ಇಲ್ಲಿ ಹಾಗಲ್ಲ. ದೋಷವು ರೂಟರಿಗೂ ಆಟದ ಯಂತ್ರಕ್ಕೂ ನಡುವಿನ ಎಂಟು ಅಡಿಯೊಳಗೇ ಇತ್ತು.

ಆ ಯಂತ್ರದೊಳಗೇ ಸಂಪರ್ಕವನ್ನು ಪರೀಕ್ಷಿಸುವ ಏರ್ಪಾಡಿದೆ. ಅದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ: ಐಪಿ ವಿಳಾಸ ದೊರೆಯಿತೇ, ಅಂತರ್ಜಾಲ ತಲುಪಿತೇ, ಪ್ಲೇಸ್ಟೇಷನ್ ನೆಟ್‌ವರ್ಕಿನೊಳಗೆ ಪ್ರವೇಶವಾಯಿತೇ ಎಂದು. ವಿಳಾಸವೇ ದೊರೆಯದಿದ್ದರೆ ಮನೆಯೊಳಗೆ ಹುಡುಕಬೇಕು. ಮೊದಲೆರಡು ಆಗಿ ಮೂರನೆಯದು ಮಾತ್ರ ಆಗದಿದ್ದರೆ ತಪ್ಪು ನಮ್ಮದಲ್ಲದಿರುವ ಸಂಭವ ಹೆಚ್ಚು. 2011ರ ಏಪ್ರಿಲಿನಲ್ಲಿ ಕಳ್ಳರು ನುಗ್ಗಿದ ಕಾರಣದಿಂದ ಆ ಜಾಲವನ್ನೇ ಮೂರು ವಾರಕ್ಕೂ ಹೆಚ್ಚು ಕಾಲ ಮುಚ್ಚಬೇಕಾಯಿತು, ಸುಮಾರು 7.7 ಕೋಟಿ ಖಾತೆಗಳ ವಿವರಗಳು ಅಪಾಯಕ್ಕೀಡಾದವು. ಆ ದಿನಗಳಲ್ಲಿ ಲೋಕದಾದ್ಯಂತ ಎಷ್ಟು ನಿರಪರಾಧಿ ರೂಟರುಗಳು ಪಿನ್ನಿನ ಚುಚ್ಚಿಗೆ ಗುರಿಯಾದವೋ!

ನಮ್ಮ ಹುಡುಗನ ಯಂತ್ರವು ಮೊದಲ ಮೆಟ್ಟಿಲನ್ನೂ ಹತ್ತಿರಲಿಲ್ಲ. ವೈಫೈ ಹೆಸರುಗಳ ಪಟ್ಟಿಯನ್ನು ತೆರೆದರೆ ನೆರೆಮನೆಗಳ ಹೆಸರುಗಳೆಲ್ಲ ಸಾಲಾಗಿ ಕಂಡವು. ಸ್ವಂತ ಮನೆಯದೊಂದು ಮಾತ್ರ ಇಲ್ಲ. ಇದನ್ನು ಅವನು ಹದಿನೈದು ದಿನಗಳಿಂದ ನೋಡುತ್ತಿದ್ದನು, ಆದರೆ ಕಂಡಿರಲಿಲ್ಲ. ರೂಟರುಗಳು ಸಾಮಾನ್ಯವಾಗಿ ಎರಡು ತರಂಗಪಟ್ಟಿಗಳಲ್ಲಿ ಮಾತನಾಡುತ್ತವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ನಿಧಾನ, ಆದರೆ ಗೋಡೆಯನ್ನು ದಾಟಬಲ್ಲದು; ಎರಡನೆಯದು ಚುರುಕು, ಆದರೆ ಗೋಡೆಗೆ ಬೇಗ ಸೋಲುತ್ತದೆ. 2013ರಲ್ಲಿ ಹೊರಬಂದ ಮೊದಲ ಪ್ಲೇಸ್ಟೇಷನ್ 4 ಮಾದರಿಗೆ 2.4 ಒಂದೇ ಕೇಳಿಸುತ್ತದೆ. ಹೊಸ ರೂಟರನ್ನು ಕೂರಿಸಿದವರು ಆ ಪಟ್ಟಿಯನ್ನೇ ಮುಚ್ಚಿಟ್ಟಿದ್ದರು. ರೂಟರಿನ ಅಡಿಯ ಚೀಟಿಯಲ್ಲಿ ಅಚ್ಚಾಗಿದ್ದ ವಿಳಾಸವನ್ನು ಮೊಬೈಲಿನಲ್ಲಿ ಬರೆದು, ಅದರ ಒಳಪುಟವನ್ನು ತೆರೆದು, 2.4 ಅನ್ನು ಬಿಚ್ಚಿದೆವು. ಐದು ನಿಮಿಷದ ಕೆಲಸ. ಒಂದು ತಂತಿಯನ್ನು ನೇರವಾಗಿ ಎಳೆದಿದ್ದರೆ ಅದೂ ಬೇಕಿರಲಿಲ್ಲ. ಆಟಕ್ಕೆ ತಂತಿಯೇ ಲೇಸೆಂಬುದು ನನ್ನ ಮತ.

ಆಟ ಶುರುವಾಯಿತು. ಆದರೆ ಗೆಳೆಯರ ಧ್ವನಿ ಕೇಳಿಸದು. ಪರೀಕ್ಷೆಯ ಪರದೆಯಲ್ಲಿ ಎನ್.ಎ.ಟಿ. ಟೈಪ್ 3 ಎಂದಿತ್ತು. ಇದೇನೆಂದು ತಿಳಿಯಲು ನಿಮ್ಮಲ್ಲಿ ಅನೇಕರ ತಂದೆ, ಅಜ್ಜಂದಿರು ದುಡಿದ ಹೋಟೆಲನ್ನೇ ನೆನೆಯಿರಿ. ಅಟ್ಟದ ಮೇಲೆ ಹತ್ತು ಮಂದಿ ಹುಡುಗರು. ಹೊರಗಿನವರಿಗೆ ತಿಳಿದಿರುವುದು ಹೋಟೆಲಿನ ಒಂದೇ ವಿಳಾಸ. ಹುಡುಗನು ಊರಿಗೆ ಕಾಗದ ಬರೆದಾಗ ಗಲ್ಲಾದ ಮೇಲಿನವರು ಗುರುತಿಟ್ಟುಕೊಂಡು, ಉತ್ತರ ಬಂದಾಗ ಅವನಿಗೇ ತಲುಪಿಸುತ್ತಾರೆ. ಹೆಸರಿಲ್ಲದ ಕಾಗದವೊಂದು ತಾನಾಗಿ ಬಂದರೆ ಯಾರಿಗೆಂದು ಕೊಡುವುದು? ಬದಿಗಿಡುತ್ತಾರೆ. ರೂಟರು ಮಾಡುವುದೂ ಇದನ್ನೇ. ಗೆಳೆಯನ ಯಂತ್ರವು ತಾನಾಗಿ ಕಳುಹಿಸಿದ ಮಾತು ಬಾಗಿಲಲ್ಲೇ ಉಳಿಯುತ್ತದೆ. ಯು.ಪಿ.ಎನ್.ಪಿ. ಎಂಬುದನ್ನು ತೆರೆದರೆ, ಇಂಥ ಕಾಗದ ನನ್ನದೆಂದು ಆಟದ ಯಂತ್ರವೇ ಮುಂಚಿತವಾಗಿ ಗಲ್ಲಾದಲ್ಲಿ ಹೇಳಿಡುತ್ತದೆ. ಟೈಪ್ 2 ಎಂದು ಬರುತ್ತದೆ.

ಅಲ್ಲಿ ಬರಲಿಲ್ಲ. ರೂಟರಿನ ಹೊರಮುಖದ ವಿಳಾಸವು 100.72 ಎಂದು ಆರಂಭವಾಗಿತ್ತು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. 2011ರ ಫೆಬ್ರವರಿಯಲ್ಲಿ ಅವುಗಳ ಮೂಲ ಉಗ್ರಾಣವೇ ಬರಿದಾಯಿತು. ಆದಕಾರಣ ಕಂಪನಿಗಳು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಹೋಟೆಲಿನ ಗಲ್ಲಾದ ಹೊರಗೆ ಇಡೀ ಕಟ್ಟಡಕ್ಕೆ ಇನ್ನೊಂದು ಗಲ್ಲಾ ಇದ್ದ ಹಾಗೆ! ಮನೆಯೊಳಗಿನ ಯಾವ ಗುಂಡಿಯೂ ಆ ಹೊರಗಲ್ಲಾವನ್ನು ಮುಟ್ಟಲಾರದು. ಸಾರ್ವಜನಿಕ ವಿಳಾಸ ಬೇಕೆಂದು ಕಂಪನಿಯನ್ನು ಕೇಳಬೇಕು. ಅದಕ್ಕೆ ಕೆಲವರು ಬೇರೆ ಹಣ ಕೇಳುತ್ತಾರೆ. ಇಂಥ ಹೊತ್ತಿನಲ್ಲಿ ರೂಟರಿನ ಬಾಗಿಲುಗಳನ್ನೆಲ್ಲ ತೆರೆದಿಡೆಂದು ಬುದ್ಧಿ ಹೇಳುವವರಿದ್ದಾರೆ. ಅವರ ಮಾತು ಕೇಳಬೇಡಿ.

ದೂರವಾಣಿಯಲ್ಲಿ ನಾನು ಮಾತನಾಡಲಿಲ್ಲ, ಹುಡುಗನಿಂದಲೇ ಮಾತನಾಡಿಸಿದೆ. ಅತ್ತಲಿನವರು ಹಿಂದಿಯಲ್ಲಿ, ರೂಟರನ್ನು ರೀಸೆಟ್ ಮಾಡೆಂದು ಆರಂಭಿಸಿದರು. ಅವನು ತಡವರಿಸುತ್ತಲೇ, ಹೊರಮುಖದ ವಿಳಾಸವು 100.72 ಎಂದಿದೆ, ರೀಸೆಟ್ಟಿನಿಂದ ಪ್ರಯೋಜನವಿಲ್ಲ, ಸಾರ್ವಜನಿಕ ವಿಳಾಸ ಬೇಕು ಎಂದನು. ಅತ್ತ ಒಂದು ಕ್ಷಣ ಮೌನ. ಆಮೇಲೆ ಬಹುವಚನ ಬಂತು. ಕನ್ನಡ ಶಾಲೆಯ ಮಕ್ಕಳಿಗೆ ಇಂಥ ವಿಷಯಗಳು ಎಟುಕವೆಂದು ಈ ನಗರದಲ್ಲಿ ನನ್ನ ಮುಂದೆಯೇ ಅಂದವರಿದ್ದಾರೆ. ಅವರು ಆ ಮೌನವನ್ನು ಕೇಳಬೇಕಿತ್ತು.

ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಹುಡುಗನು ಈಗ ಒಂದು ಕಾಗದದಲ್ಲಿ ಬರೆದು ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿದ್ದಾನೆ. ಅವನ ಅಕ್ಕ ಈ ವರ್ಷ ಕೊನೆಯ ದಿನಕ್ಕೆ ಕಾಯದೆ, ಮೊದಲ ವಾರದಲ್ಲೇ ಅರ್ಜಿ ಸಲ್ಲಿಸಿದಳು. ರೂಟರಿನ ಹಿಂಬದಿಯ ರಂಧ್ರದ ಮೇಲೆ ಅವಳು ಗಾಯದ ಪಟ್ಟಿಯ ತುಂಡೊಂದನ್ನು ಅಡ್ಡಲಾಗಿ ಅಂಟಿಸಿದ್ದಾಳೆ. ಮೊನ್ನೆ ಹೋದಾಗಲೂ ಅದು ಅಲ್ಲಿಯೇ ಇತ್ತು.