ಚಿತ್ರ ನಿಂತಾಗ ಬರೆಯುವ ಕೈ

ಸಿಡ್ನಿಯ ವಾಯವ್ಯಕ್ಕಿರುವ ಕೆಲ್ಲಿವಿಲ್‌ನಂಥ ಬಡಾವಣೆಯ ನಮ್ಮವರ ಮನೆಗಳಲ್ಲಿ, ಮಗು ಆರನೇ ತರಗತಿಯಲ್ಲಿ ಬರೆಯುವ, ಪರೀಕ್ಷೆಯ ಮೂಲಕವೇ ಮಕ್ಕಳನ್ನು ಸೇರಿಸಿಕೊಳ್ಳುವ ಸೆಲೆಕ್ಟಿವ್ ಸರ್ಕಾರಿ ಶಾಲೆಯ ಪರೀಕ್ಷೆ ದೊಡ್ಡ ವಿಷಯ. ಗಣಿತ ಹೇಗೋ ಸಾಗುತ್ತದೆ. ಹೆತ್ತವರು ತಡವರಿಸುವುದು 30 ನಿಮಿಷದ ಇಂಗ್ಲಿಷ್ ಬರವಣಿಗೆಯ ಮುಂದೆ. ಮೆಲ್ಬರ್ನ್‌ನ ಸೆಲೆಕ್ಟಿವ್ ಶಾಲೆಗಳಿಗೂ ಪರೀಕ್ಷೆ ಬರೆದೇ ಸೇರಬೇಕು. 2020, 2021ರಲ್ಲಿ ಕೋವಿಡ್ ಲಾಕ್‌ಡೌನ್‌ನಿಂದ ಮೆಲ್ಬರ್ನ್ ಒಟ್ಟು 262 ದಿನ ಮನೆಯೊಳಗೆ ಉಳಿದಾಗ ಪಾಠವೂ ಪರದೆಗೆ ಬಂತು, ಅದರ ಬೆನ್ನಿಗೇ ಅನಿಮೇಷನ್ ವಿಡಿಯೊಗಳೂ ಬಂದವು. ಇವುಗಳಲ್ಲಿ ಹೆಚ್ಚಿನವು ಬರವಣಿಗೆಯನ್ನು ವಿವರಿಸುತ್ತವೆ: ಪ್ಯಾರಾ ಎಂದರೆ ಬರ್ಗರ್, ಮೇಲೊಂದು ಬನ್ನು, ಕೆಳಗೊಂದು ಬನ್ನು. ಮಗು ಇದನ್ನು ಚೆನ್ನಾಗಿ ಒಪ್ಪಿಸುತ್ತದೆ, ಆದರೆ ಪ್ಯಾರಾ ಬರೆಯಲು ಬರುವುದಿಲ್ಲ. ಈಜಿನ ವಿವರಣೆ ಕೇಳಿದವನು ಈಜುಗಾರನಾಗುವುದಿಲ್ಲವಷ್ಟೆ.

ವಿವರಿಸುವ ಬದಲು ವಿಡಿಯೊ ಮಗುವಿಗೆ ಬರೆಯಲು ವಸ್ತು ಕೊಡಬೇಕು, ಕೊಟ್ಟು ನಿಲ್ಲಬೇಕು. ಮೆಲ್ಬರ್ನ್‌ನಲ್ಲಿ ನೆಲೆಸಿರುವ ಶಾನ್ ಟ್ಯಾನ್ ತಮ್ಮದೇ ಪುಸ್ತಕದಿಂದ ರೂಪಿಸಿ ಆಂಡ್ರೂ ರೂಹೆಮನ್ ಜೊತೆ ನಿರ್ದೇಶಿಸಿದ, 2011ರಲ್ಲಿ ಆಸ್ಕರ್ ಪಡೆದ ‘ದಿ ಲಾಸ್ಟ್ ಥಿಂಗ್’ ಇದಕ್ಕೆ ಹೇಳಿಮಾಡಿಸಿದ ಕಿರುಚಿತ್ರ. ಕಡಲತೀರದಲ್ಲಿ ಹುಡುಗನಿಗೊಂದು ಬೃಹತ್ ಕೆಂಪು ಜೀವಿ ಸಿಗುತ್ತದೆ. ಉಳಿದವರು ಅದನ್ನು ಗಮನಿಸುವುದೇ ಇಲ್ಲ. ಧ್ವನಿ ತೆಗೆದು ಅಲ್ಲೇ ಚಿತ್ರ ನಿಲ್ಲಿಸಿ. ‘ಅದು ದೊಡ್ಡದು, ಕೆಂಪು’ ಎಂದು ಬರೆದ ಮಗುವಿಗೆ ಎರಡನೇ ವಾಕ್ಯ ಸುಲಭಕ್ಕೆ ಸಿಗದು. ಅದರ ವಾಸನೆ ಎಂಥದ್ದು? ಜನ ಯಾಕೆ ನೋಡುತ್ತಿಲ್ಲ? ಇಂಗ್ಲಿಷ್‌ನಲ್ಲಿ ಹಿಂಜರಿಯುವ ಅಜ್ಜಿಯೂ ಈ ಪ್ರಶ್ನೆಗಳನ್ನು ಕನ್ನಡದಲ್ಲೇ ಮೊಮ್ಮಗುವಿನ ಜೊತೆ ಚರ್ಚಿಸಬಹುದು. ಯೋಚನೆ ಮನೆಮಾತಿನಲ್ಲಿ ಗಟ್ಟಿಯಾದ ಮೇಲೆ ಇಂಗ್ಲಿಷ್ ವಾಕ್ಯಕ್ಕೂ ಬಲ ಬರುತ್ತದೆ. ನನ್ನ ಮಟ್ಟಿಗೆ ಈ ವಿಧಾನದ ದೊಡ್ಡ ಲಾಭ ಇದೇ.

ಸಿದ್ಧ ಚಿತ್ರ ಕೊಟ್ಟರೆ ಕಲ್ಪನೆ ಸೊರಗುತ್ತದೆ ಎನ್ನುವವರಿದ್ದಾರೆ. ವಿಡಿಯೊವನ್ನು ಒಂದೇ ಉಸಿರಿಗೆ ಓಡಿಸಿದರೆ ಆ ಮಾತು ನಿಜ. ಬಹುಮಾಧ್ಯಮ ಕಲಿಕೆಯನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಕಂಡದ್ದೂ ಅದನ್ನೇ: ಕಲಿಯುವವರೇ ತುಂಡು ತುಂಡಾಗಿ ನಿಲ್ಲಿಸಿ ನೋಡಿದಾಗ ಪಾಠ ಹೆಚ್ಚು ನಾಟುತ್ತದೆ. ಪರೀಕ್ಷೆಯಲ್ಲಿ ವಿಡಿಯೊ ಇರುವುದಿಲ್ಲವಲ್ಲ ಎಂಬ ಆಕ್ಷೇಪ ಇನ್ನೂ ತೂಕದ್ದು. ಹೌದು, ಆದ್ದರಿಂದಲೇ ಊರುಗೋಲನ್ನು ಮೆಲ್ಲಗೆ ಬಿಡಿಸಬೇಕು: ಮೊದಲು ಚಲಿಸುವ ಚಿತ್ರ, ಆಮೇಲೆ ಒಂದೇ ನಿಶ್ಚಲ ಚಿತ್ರ, ಕೊನೆಗೆ ಬರೀ ಒಂದು ಸಾಲಿನ ವಿಷಯ. ಆಸ್ಟ್ರೇಲಿಯಾದ ಶಾಲಾ ಮಕ್ಕಳು ಬರೆಯುವ ರಾಷ್ಟ್ರೀಯ ನ್ಯಾಪ್ಲಾನ್ ಪರೀಕ್ಷೆ ಬರವಣಿಗೆಯನ್ನು 10 ಮಾನದಂಡಗಳಲ್ಲಿ ಅಳೆಯುತ್ತದೆ. ಪದಸಂಪತ್ತು, ವಾಕ್ಯರಚನೆ, ಪ್ಯಾರಾ ವಿಂಗಡಣೆ, ಕಾಗುಣಿತ, ಇವು ಯಾವುದನ್ನೂ ವಿಡಿಯೊ ಮಗುವಿನ ಬದಲು ಮಾಡಿಕೊಡಲಾರದು. ಅದಕ್ಕೆ ಬರೆದದ್ದನ್ನು ಓದಿ ತಿದ್ದುವ ಮನುಷ್ಯರೇ ಬೇಕು. ಆನ್‌ಲೈನ್ ತರಗತಿಗೆ ಹಣ ಕಟ್ಟುವ ಮುನ್ನ ಹೆತ್ತವರು ದಯವಿಟ್ಟು ಎರಡು ಪ್ರಶ್ನೆ ಕೇಳಿ: ವಿಡಿಯೊ ನಿಲ್ಲಿಸಿ ಎಷ್ಟು ಹೊತ್ತು ಬರೆಸುತ್ತೀರಿ? ಬರೆದದ್ದನ್ನು ಯಾರು ತಿದ್ದುತ್ತಾರೆ?