ಕಲ್ಲು ಸರಿಸಿದವರು ಯಾರು?

ಪವನ್ ಕುಮಾರ್ ನಿರ್ದೇಶನದ ‘ಯು ಟರ್ನ್’ (2016) ದೊಡ್ಡ ತಾರೆಯರಿಲ್ಲದ ಸಣ್ಣ ಬಜೆಟ್ಟಿನ ಥ್ರಿಲ್ಲರ್. ಬೆಂಗಳೂರಿನ ಫ್ಲೈಓವರ್ ಒಂದರಲ್ಲಿ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸಿದವರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಾರೆ. ರಸ್ತೆಯಲ್ಲೇ ಬಿಟ್ಟ ಅಂಥದೊಂದು ಕಲ್ಲಿನಿಂದ ಮಗಳೊಂದಿಗೆ ಪ್ರಾಣ ಬಿಟ್ಟ ತಾಯಿಯ ಆತ್ಮ ಸೇಡು ತೀರಿಸಿಕೊಳ್ಳುತ್ತಿರುತ್ತದೆ.

ನೋಡುವಾಗ ‘ಹಾಗೇ ಆಗಬೇಕು ಇವರಿಗೆ’ ಅನ್ನಿಸುತ್ತದೆ. ಆದರೆ ಕೊನೆಗೆ ತಿಳಿಯುತ್ತದೆ, ಅಂದು ಕಲ್ಲು ಸರಿಸಿದವನು ಆಕೆಯ ಗಂಡನೇ! ಅವನು ಖಳನಾಯಕನಲ್ಲ, ಅವಸರದಲ್ಲಿದ್ದ ಸಾಮಾನ್ಯ ಮನುಷ್ಯ. ಅವನಿಗೆ ಸಿಗುವ ಶಿಕ್ಷೆಯೂ ಸಾವಲ್ಲ. ಆ ಪಾಪ ಹೊತ್ತು ಬದುಕುವುದು. ಸೇಡಿನ ಕಥೆ ಸೇಡನ್ನೇ ಪ್ರಶ್ನಿಸುವುದು ಇಲ್ಲಿ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಅವರಲ್ಲಿ ಹೆಚ್ಚಿನವರು 18ರಿಂದ 45ರೊಳಗಿನವರು, ಅಂದರೆ ನಮ್ಮ ವಯಸ್ಸಿನವರು, ನಮ್ಮ ಅಣ್ಣ ಅಕ್ಕಂದಿರು. ಇಷ್ಟು ಸಾವಿಗೆ ಸೇಡು ತೀರಿಸಲು ಯಾವ ದೆವ್ವಕ್ಕೂ ಸಾಧ್ಯವಿಲ್ಲ. ತಪ್ಪು ಮಾಡಿದರೆ ದಂಡ ತಪ್ಪದು ಎಂಬ ಭಯವನ್ನು ಪೊಲೀಸರು ಹುಟ್ಟಿಸಲಿ. ಕ್ಲಾಸಿಗೋ ಸಂದರ್ಶನಕ್ಕೋ ತಡವಾಯಿತೆಂದು ಒನ್‌ವೇಯಲ್ಲಿ ನುಗ್ಗುವ ಚಾಳಿಯನ್ನು ನಾವೂ ಬಿಡೋಣ. ಮುಂದಿನ ತಿರುವು ಒಂದು ಕಿಲೋಮೀಟರ್ ದೂರವಿದ್ದರೂ ಅಲ್ಲಿಂದಲೇ ಬರೋಣ. ದಾರಿಯಲ್ಲಿ ಯಾರೋ ಸರಿಸಿಟ್ಟ ಕಲ್ಲು ಕಂಡರೆ ಪಕ್ಕಕ್ಕಿಟ್ಟು ಹೋಗೋಣ.